ತಂದೆಯ ಮೆದುಳು ದಾನ ಮಾಡಿದ ಮೇಲೆ ಮನೆಯವರಿಗೆ ಹೇಗನಿಸುತ್ತದೆ?

ನಿಮ್ಮ ತಂದೆಗೆ ಪಾರ್ಕಿನ್ಸನ್ ಇದೆ, ಮೆದುಳು ದಾನ ಮಾಡಬೇಕೆಂದು ಅವರೇ ಹೇಳುತ್ತಿದ್ದಾರೆ, ಆಮೇಲೆ ಮನಸ್ಸಿಗೆ ಕಷ್ಟವಾಗುತ್ತದಾ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ. ಯಾಕಾದರೂ ಕೊಟ್ಟೆವೋ ಎಂದು ನಮಗೆ ಒಂದು ದಿನವೂ ಅನಿಸಿಲ್ಲ. ಆದರೆ ಆ ದಿನ ಮಾತ್ರ ಸುಲಭವಾಗಿರಲಿಲ್ಲ.

ನಮ್ಮಪ್ಪನಿಗೂ ಅದೇ ಕಾಯಿಲೆ. ಹನುಮಂತನಗರದ ಮನೆಯಲ್ಲಿ ಹಾಲು, ಪೇಪರ್, ಗ್ಯಾಸಿನ ಲೆಕ್ಕವೆಲ್ಲ ಅವರದೇ. ಉದ್ದನೆಯ ಪುಸ್ತಕ, ಕಪ್ಪು ಶಾಯಿ, ಗುಂಡು ಗುಂಡಾದ ಅಕ್ಷರ. ಕೈ ನಡುಗುವುದಕ್ಕೆ ಮೊದಲೇ ಆ ಅಕ್ಷರ ಸಣ್ಣದಾಗುತ್ತಾ ಬಂತು. ಸಾಲಿನ ಶುರುವಿನಲ್ಲಿ 'ಹಾಲು' ಸರಿಯಾಗಿರುತ್ತಿತ್ತು. ಕೊನೆಯ 'ರೂ.' ಸಾಸಿವೆ ಕಾಳಿನಷ್ಟು. ಕನ್ನಡಕ ಬದಲಾಯಿಸಬೇಕೇನೋ ಅಂದುಕೊಂಡೆವು. ಅದೂ ಈ ಕಾಯಿಲೆಯ ಲಕ್ಷಣವೇ ಎಂದು ಡಾಕ್ಟರ್ ಹೇಳಿದ ಮೇಲೇ ತಿಳಿದಿದ್ದು.

ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ, ದಾನವಾಗಿ ಬಂದ ಮೆದುಳನ್ನು ಸಂಶೋಧನೆಗೆಂದು ಕಾಪಾಡಿಡುವ ಜಾಗ. ಅದರ ವಿಷಯ ಓದಿ ಅಪ್ಪನೇ ಎತ್ತಿದ ಮಾತು. "ನನ್ನ ತಲೆಯೊಳಗೆ ಏನಾಯ್ತು ಅಂತ ನನಗಂತೂ ಗೊತ್ತಾಗಲ್ಲ, ಬೇರೆಯವರಿಗಾದ್ರೂ ಗೊತ್ತಾಗ್ಲಿ" ಅಂದರು. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ನಿಮ್ಮಿಷ್ಟ" ಅಂದರು.

ಅಪ್ಪ ಹೋಗಿದ್ದು ಬೆಳಗಿನ ಜಾವ. ಮೆದುಳು ಬೇಗ ಕೆಡುತ್ತದೆ, ಕೆಲವೇ ಗಂಟೆಗಳಲ್ಲಿ ತೆಗೆಯಬೇಕು. ಅತ್ತು ಮುಗಿಯುವ ಮೊದಲೇ ಫೋನ್ ಹಿಡಿಯಬೇಕು. ಬದುಕಿದ್ದಾಗ ಅವರು ಒಪ್ಪಿದ್ದರೂ ಆಗ ಮನೆಯವರ ಒಪ್ಪಿಗೆ ಬೇಕೇ ಬೇಕು. ಸೋದರತ್ತೆ ಬಾಗಿಲಲ್ಲಿ ನಿಂತು, "ಅಣ್ಣನ್ನ ಹಿಂಗೆ ಕಳಿಸ್ತೀರಾ?" ಅಂತ ಅತ್ತರು. ಅವರಿಗೆ ಮೊದಲೇ ಹೇಳದೇ ಇದ್ದದ್ದು ನಮ್ಮ ತಪ್ಪು. ನೀವು ಆ ತಪ್ಪು ಮಾಡಬೇಡಿ. ಹತ್ತಿರದವರನ್ನೆಲ್ಲ ಕೂರಿಸಿ ಈಗಲೇ ಹೇಳಿಬಿಡಿ. ನಿಮ್ಮ ತಂದೆ ತಾವೇ ಹೇಳಿದರೆ ಇನ್ನೂ ಒಳ್ಳೆಯದು.

ಇದು ದೇಹದಾನದಂತಲ್ಲ. ಮೆದುಳು ತೆಗೆದು ದೇಹವನ್ನು ನಮಗೇ ಕೊಟ್ಟರು. ಕೊಯ್ಯುವುದು ತಲೆಯ ಹಿಂಭಾಗದಲ್ಲಿ, ಮುಖಕ್ಕೆ ಏನೂ ಆಗುವುದಿಲ್ಲ. ಅತ್ತೆ ಹಣೆಗೆ ವಿಭೂತಿ ಇಡುವಾಗ ಅಪ್ಪನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಏನೂ ಹೇಳಲಿಲ್ಲ. ಸಂಜೆ ಬನಶಂಕರಿ ಚಿತಾಗಾರ, ಆಮೇಲೆ ಶ್ರೀರಂಗಪಟ್ಟಣದಲ್ಲಿ ಅಸ್ಥಿ ವಿಸರ್ಜನೆ. ಎಲ್ಲ ಎಲ್ಲರಂತೆಯೇ ನಡೆಯಿತು.

ವರ್ಷದ ತಿಥಿ ಆದ ಮೇಲೆ ಒಮ್ಮೆ ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಂಗೆ ಹೋಗಿದ್ದೆ. ಅಪ್ಪನನ್ನು ಹುಡುಕಿಕೊಂಡಲ್ಲ, ಸುಮ್ನೆ ತಿಳಿಯೋಣ ಅಂತ. ನಡುಮೆದುಳಿನಲ್ಲಿ ಕಪ್ಪು ಗೆರೆಯಂಥ ಒಂದು ಜಾಗ ಇರುತ್ತದೆ. ಕೈಕಾಲು ಸಲೀಸಾಗಿ ಆಡಲು ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಅಲ್ಲಿರುತ್ತವೆ. ಪಾರ್ಕಿನ್ಸನ್‌ನಲ್ಲಿ ಅವು ಸಾಯುತ್ತಾ ಹೋಗಿ ಗೆರೆ ಮಸುಕಾಗುತ್ತದೆ. ಬದುಕಿರುವವರ ತಲೆಯಿಂದ ಆ ಜಾಗವನ್ನು ಕತ್ತರಿಸಿ ನೋಡೋಕಾಗಲ್ಲ, ಅಲ್ವಾ? ಅದಕ್ಕೇ ದಾನ ಬೇಕು. ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ಮೆದುಳೂ ಬೇಕು. ನಾನೂ ಅಮ್ಮನೂ ಕೊಡುವುದೆಂದು ತೀರ್ಮಾನ ಮಾಡಿದ್ದೇವೆ.

ಮನೆಗೆ ಬಂದವನೇ ಲೆಕ್ಕದ ಪುಸ್ತಕ ತೆಗೆದು ಒಂದೊಂದೇ ಹಾಳೆ ತಿರುವಿದೆ. ಆ ಗೆರೆ ಮಸುಕಾದದ್ದು ವರ್ಷ ವರ್ಷಕ್ಕೂ ಅಲ್ಲೇ ಕಾಣುತ್ತಿತ್ತು. ಎಷ್ಟು ಕಷ್ಟಪಟ್ಟು ಬರೆಯುತ್ತಿದ್ದರೋ! ಆಗ "ಅಕ್ಷರ ಸ್ವಲ್ಪ ದೊಡ್ಡದಾಗಿ ಬರೀರಪ್ಪಾ" ಅಂತ ನಾನು ರೇಗಿದ್ದೂ ಇದೆ. ಮೆದುಳು ಕೊಟ್ಟದ್ದಕ್ಕಲ್ಲ, ಈ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಸಂಕಟ.

ಆ ಪುಸ್ತಕ ಇನ್ನೂ ಮುಗಿದಿಲ್ಲ. ಅಪ್ಪನ ಕೊನೆಯ ಸಾಲಿನ ಕೆಳಗಿಂದ ಈಗ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾರೆ.