ಬಿಸಿಲಿನ ಕರೆಂಟಿಗೆ ಸಾಲ, ಸಬ್ಸಿಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಗೆ ತಿಂಗಳಿಗೆ 350 ಯೂನಿಟ್ ಬೇಕು. 3 ಕಿಲೋವಾಟ್ ಸೋಲಾರ್‌ಗೆ 1,90,000 ರೂಪಾಯಿ ಕೊಟೇಶನ್ ಬಂದಿದೆ. ವೆಂಡರ್ ತಾನೇ ಫೈನಾನ್ಸ್ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಮೊದಲು ಬ್ಯಾಂಕಿಗೆ ಹೋಗಿ. ಮನೆಯ ಮಾಡಿನ ಸೋಲಾರ್‌ಗೆ ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ವರೆಗೆ, 2 ಲಕ್ಷ ರೂಪಾಯಿ ಮಿತಿಯಲ್ಲಿ, ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಬಡ್ಡಿ ರೆಪೋ ದರಕ್ಕಿಂತ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಅರ್ಧ ಪರ್ಸೆಂಟ್ ಮಾತ್ರ ಹೆಚ್ಚು, ಅವಧಿ 10 ವರ್ಷದವರೆಗೆ. ಶೇ. 10ರಷ್ಟು ಹಣ ನೀವು ಹಾಕಬೇಕು. ವೆಂಡರ್ ಹೇಳುವ ಬಡ್ಡಿ ‘ಫ್ಲಾಟ್’ ಲೆಕ್ಕದ್ದೇ ಎಂದು ಕೇಳಿ. ಫ್ಲಾಟ್ ಆಗಿದ್ದರೆ ನೀವು ಅಸಲು ತೀರಿಸುತ್ತಾ ಬಂದರೂ ಕೊನೆಯ ಕಂತಿನವರೆಗೆ ಪೂರ್ತಿ ಮೊತ್ತದ ಮೇಲೇ ಬಡ್ಡಿ ಬೀಳುತ್ತದೆ. ಕೇಳುವುದಕ್ಕೆ ಕಡಿಮೆ ಎನಿಸುವ ದರ ಹೀಗೆಯೇ ದುಬಾರಿಯಾಗುವುದು.

ನಿಮ್ಮ ಲೆಕ್ಕ ನೋಡೋಣ. ಕೈಯಿಂದ 19,000, ಸಾಲ 1,71,000. ಬಡ್ಡಿ ಶೇ. 6 ಎಂದಿಟ್ಟುಕೊಂಡರೆ 10 ವರ್ಷಕ್ಕೆ ಕಂತು ಸುಮಾರು 1,900 ರೂಪಾಯಿ. ಸಬ್ಸಿಡಿ ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. 5 ಕಿಲೋವಾಟ್ ಹಾಕಿಸಿದರೂ ಅಷ್ಟೇ. ಇದು ಮೊದಲೇ ಕೈಗೆ ಬರುವ ಹಣವಲ್ಲ. ನೆಟ್ ಮೀಟರ್ (ಕೊಂಡ ಕರೆಂಟು, ಕೊಟ್ಟ ಕರೆಂಟು ಎರಡನ್ನೂ ಅಳೆಯುವ ಮೀಟರ್) ಕೂತು, ತಪಾಸಣೆ ಮುಗಿದು, ಯೋಜನೆಯ ಪೋರ್ಟಲ್‌ನಲ್ಲಿ ಬ್ಯಾಂಕ್ ವಿವರ ಹಾಕಿದ ಮೇಲೆ ಬರುತ್ತದೆ. ಬಂದ ಕೂಡಲೇ ಅಸಲಿಗೆ ಜಮಾ ಮಾಡಿಸಿ. ಕಂತು 1,900ರಲ್ಲೇ ಉಳಿಸಿಕೊಂಡರೆ ಉಳಿದ 93,000 ಐದು ವರ್ಷದೊಳಗೆ ತೀರುತ್ತದೆ. ಕಂತು ತಗ್ಗಿಸಿ 10 ವರ್ಷ ಎಳೆಯುವುದಕ್ಕಿಂತ ಇದೇ ಮೇಲು ಎಂಬುದು ನಮ್ಮ ಸಲಹೆ. ಅರಸೀಕೆರೆ, ಕಡೂರಿನ ಬಯಲು ಬಿಸಿಲಿಗೆ ಕಿಲೋವಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ, ಅಂದರೆ ನಿಮಗೆ ತಿಂಗಳಿಗೆ 360ರ ಆಸುಪಾಸು. ನಿಮ್ಮ ಬಳಕೆಗೆ ಸರಿಹೋಯಿತು. ಇದಕ್ಕಿಂತ ದೊಡ್ಡದು ಬೇಡ. ಗ್ರಿಡ್‌ಗೆ (ವಿದ್ಯುತ್ ಕಂಪನಿಯ ಲೈನಿಗೆ) ಹೋಗುವ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ಕೊಟೇಶನ್‌ನಲ್ಲಿ ಮೂರು ವಿಷಯ ನೋಡಿ. ಪ್ಯಾನೆಲ್ ‘ಡಿಸಿಆರ್’ ಅಂದರೆ ಸೆಲ್ ಸಹಿತ ಭಾರತದಲ್ಲೇ ತಯಾರಾದದ್ದು ಆಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಪ್ಯಾನೆಲ್ ಮತ್ತು ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಬಳಕೆಯ ಎಸಿ ಮಾಡುವ ಯಂತ್ರ) ಎರಡರಲ್ಲಿ ಯಾವುದರ ಸಾಮರ್ಥ್ಯ ಕಡಿಮೆಯೋ ಅದಕ್ಕೆ ಸಬ್ಸಿಡಿ: 540 ವಾಟಿನ 6 ಪ್ಯಾನೆಲ್ ಬೇಕು, 5 ಹಾಕಿದರೆ 2.7 ಕಿಲೋವಾಟ್ ಆಗಿ 5,400 ರೂಪಾಯಿ ಕೈತಪ್ಪುತ್ತದೆ. ಇನ್ನು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಾಮಗ್ರಿಯ ತೆರಿಗೆ ಶೇ. 12ರಿಂದ 5ಕ್ಕೆ ಇಳಿದು, ಅಳವಡಿಕೆಯೂ ಸೇರಿದ ಒಟ್ಟು ಗುತ್ತಿಗೆಯ ಮೇಲೆ ಶೇ. 13.8 ಇದ್ದದ್ದು 8.9 ಆಗಿದೆ. ಹಳೆಯ ದರ ಹಾಕಿದ್ದರೆ ತಿದ್ದಿಸಿ.

ಪ್ರಶ್ನೆ: ಹೆಂಚಿನ ಮನೆ, ಸುತ್ತ ಕಾಫಿ ತೋಟ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲ. ಸಬ್ಸಿಡಿ ಸೋಲಾರ್ ನಮಗೆ ಆಗಿಬರುತ್ತದೆಯೇ?
– ಓದುಗರು, ಮೂಡಿಗೆರೆ

ಉತ್ತರ: ಬ್ಯಾಟರಿ ಇಲ್ಲದ ಮಾಮೂಲಿ ವ್ಯವಸ್ಥೆಯಿಂದ ನಿಮ್ಮ ತೊಂದರೆ ತೀರುವುದಿಲ್ಲ. ಗ್ರಿಡ್ ಹೋದೊಡನೆ ಅದರ ಇನ್ವರ್ಟರೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದೆಂದೇ ಹಾಗೆ ಮಾಡಿರುವುದು. ನಿಮಗೆ ಬೇಕಾದ್ದು ಗ್ರಿಡ್ ಇಲ್ಲದಾಗಲೂ ಬ್ಯಾಟರಿಯಿಂದ ನಡೆಯುವ ಹೈಬ್ರಿಡ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ. ಸಬ್ಸಿಡಿ ಪ್ಯಾನೆಲ್ ಭಾಗಕ್ಕೆ ಸಿಗುತ್ತದೆ, ಬ್ಯಾಟರಿಗೆಂದು ಹೆಚ್ಚಿಗೆ ಏನೂ ಇಲ್ಲ. ದೀಪ, ಫ್ಯಾನು, ಫ್ರಿಜ್ಜು ಮಾತ್ರ ಬೇರೆ ಲೈನಿಗೆ ಹಾಕಿಸಿ. ಗೀಸರ್, ಪಂಪು ಸೇರಿದರೆ ಬ್ಯಾಟರಿ ಸಂಜೆಗೇ ಖಾಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಉತ್ಪಾದನೆ ಬೇಸಿಗೆಯ ಅರ್ಧಕ್ಕೂ ಇಳಿಯಬಹುದು, ಆದ್ದರಿಂದ ವರ್ಷದ ಸರಾಸರಿ ನಂಬಿ ಬ್ಯಾಟರಿ ಅಳತೆ ಮಾಡಬೇಡಿ.

ನೆರಳು ಇನ್ನೊಂದು ಶತ್ರು. ಪ್ಯಾನೆಲ್‌ಗಳು ಸರಣಿಯಲ್ಲಿರುವುದರಿಂದ ಒಂದರ ಮೇಲೆ ಸಿಲ್ವರ್ ಮರದ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಮಾಡಿನ ಮೇಲೆ ನೆರಳು ಎಲ್ಲೆಲ್ಲಿ ಸರಿಯುತ್ತದೆ ನೋಡಿ. ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಮನೆಯ ದಕ್ಷಿಣದ ಮರಗಳನ್ನೂ ಸವರಿಸಿ. ಆಗಲೂ ನೆರಳು ಬಿಡದಿದ್ದರೆ ಪ್ರತಿ ಪ್ಯಾನೆಲ್‌ಗೆ ಮೈಕ್ರೋ ಇನ್ವರ್ಟರ್ ಕೇಳಬಹುದು, ಖರ್ಚು ಹೆಚ್ಚು.

ಪ್ಯಾನೆಲ್ ಹಿಡಿಯುವ ಹೆಂಚಿನಡಿಯ ಕೊಕ್ಕೆ ಪಕಾಸಿಗೇ (ಮಾಡಿನ ಇಳಿಜಾರು ತೊಲೆಗೇ) ಬೋಲ್ಟ್ ಆಗಬೇಕು. ಹೆಂಚು ಕೂರುವ ತೆಳು ರೀಪಿಗೆ ಹೊಡೆದರೆ ಮೊದಲ ಗಾಳಿಮಳೆಗೇ ಕಿತ್ತು ಬರುತ್ತದೆ, ಹೆಂಚೂ ಒಡೆದು ಸೋರುತ್ತದೆ. ಗೆದ್ದಲು ಹಿಡಿದ ಪಕಾಸು ಮೊದಲು ಬದಲಿಸಿ. ಗುಡುಗು ಸಿಡಿಲಿನ ಸೀಮೆಯಾದ್ದರಿಂದ ಸಿಡಿಲು ನಿರೋಧಕ, ಡಿಸಿ ಕಡೆ, ಎಸಿ ಕಡೆ – ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ಗುಂಡಿ ಇರಲಿ. ಒಂದೇ ಗುಂಡಿಯಲ್ಲಿ ಮುಗಿಸಿ ಹಣ ಉಳಿಸಿದರೆ ಸಿಡಿಲಿನ ಏಟು ಇನ್ವರ್ಟರ್‌ಗೆ ಬೀಳುತ್ತದೆ.

ಪ್ರಶ್ನೆ: ಗೃಹಜ್ಯೋತಿಯಿಂದ ನಮಗೆ ಸೊನ್ನೆ ಬಿಲ್. ಆದರೂ ಸೋಲಾರ್ ಹಾಕಿಸಬೇಕೇ?
– ಓದುಗರು, ಬೇಲೂರು

ಉತ್ತರ: ಸಾಲ ಮಾಡಿ ಬೇಡ. ಉಳಿಯುವ ಬಿಲ್ಲೇ ಇಲ್ಲದಿದ್ದರೆ ಕಂತು ಕಟ್ಟುವುದು ಎಲ್ಲಿಂದ? ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ತಿಂಗಳುಗಳೇ ಹೆಚ್ಚಾದರೆ ಆಗ ಲೆಕ್ಕ ಹಾಕಿ. ಮಂಜೂರಾದ ಲೋಡ್ (ನಿಮ್ಮ ಸಂಪರ್ಕಕ್ಕೆ ಒಪ್ಪಿಗೆಯಾದ ಗರಿಷ್ಠ ಬಳಕೆ) 1 ಕಿಲೋವಾಟ್ ಇದ್ದು 3 ಹಾಕಿಸಿದರೆ ಲೋಡ್ ಏರುತ್ತದೆ, ಜೊತೆಗೆ ನಿಗದಿತ ಶುಲ್ಕವೂ. ಸೋಲಾರ್ ಎಷ್ಟೇ ಉತ್ಪಾದಿಸಿದರೂ ಆ ಶುಲ್ಕ ಮನ್ನಾ ಆಗುವುದಿಲ್ಲ.

ಪ್ರಶ್ನೆ: ಕರೆಂಟು ಸಂಪರ್ಕದ ಆರ್.ಆರ್. ನಂಬರ್ ತೀರಿಕೊಂಡ ತಂದೆಯವರ ಹೆಸರಿನಲ್ಲಿದೆ. ಅರ್ಜಿ ಹಾಕಬಹುದೇ?
– ಓದುಗರು, ತರೀಕೆರೆ

ಉತ್ತರ: ಹಾಗೇ ಹಾಕಬೇಡಿ. ಬಿಲ್ಲಿನ ಹೆಸರು, ಅರ್ಜಿದಾರರ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದಾಗದಿದ್ದರೆ ಸಬ್ಸಿಡಿ ಕೊನೆಯ ಹಂತದಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯ ಪೌತಿ ಖಾತೆ (ತೀರಿಕೊಂಡವರ ಆಸ್ತಿ ವಾರಸುದಾರರ ಹೆಸರಿಗೆ ಬರುವ ದಾಖಲೆ) ಮೊದಲು ಮಾಡಿಸಿ. ಆಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಹೊಸ ಖಾತೆಯ ನಕಲು, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ ಪತ್ರ ಹಿಡಿದು ಮೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ (ಹಾಸನ ಜಿಲ್ಲೆಯವರಾದರೆ ಸೆಸ್ಕ್ ಕಚೇರಿ). ಹಳೆ ಬಾಕಿ ಇದ್ದರೆ ತೀರಿಸಿಕೊಂಡೇ ಹೋಗಿ. ಯೋಜನೆ 2026-27ರ ಹಣಕಾಸು ವರ್ಷದವರೆಗೆ ಮಾತ್ರ ಇರುವುದರಿಂದ ಖಾತೆಯ ಕೆಲಸ ಈ ತಿಂಗಳೇ ಶುರು ಮಾಡಿ. ಹೊಸ ಹೆಸರಿನ ಬಿಲ್ ಕೈಗೆ ಬರುವವರೆಗೆ ವೆಂಡರ್‌ಗೆ ಮುಂಗಡ ಕೊಡಬೇಡಿ.