ತುಪ್ಪದ ಊಟ ಆದ ಮೇಲೆ ಹೊಟ್ಟೆ ನೋವು: ಜಿಡ್ಡು ಕರಗಲು ಬಿಸಿನೀರು ಒಳ್ಳೆಯದೋ, ಜೀರಿಗೆ ಕಷಾಯವೋ?

ಎರಡೂ ಅಲ್ಲ. ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದ ಒಂದು ಗಂಟೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುತ್ತದೆ, ಬೆನ್ನಿಗೂ ಹೋಗುತ್ತದೆ ಎಂದಿದ್ದೀರಿ. ನನಗೂ ಹೀಗೇ ಆಗುತ್ತಿತ್ತು. ಗ್ಯಾಸ್ ಅಂದುಕೊಂಡೆ. ಮನೆಯವರೂ ಗ್ಯಾಸ್ ಅಂದರು. ಜೀರಿಗೆ ಕಷಾಯ ಕುಡಿದು ಮಲಗಿದರೆ ಎರಡು ಮೂರು ಗಂಟೆಯಲ್ಲಿ ನೋವು ಹೋಗುತ್ತಿತ್ತು.

ನಾನು ಮೋಸ ಹೋಗಿದ್ದು ಇಲ್ಲೇ. ನನಗಿದ್ದದ್ದು ಪಿತ್ತಕೋಶದ, ಅಂದರೆ ಗಾಲ್ ಬ್ಲಾಡರಿನ ಕಲ್ಲು. ಅದರ ನೋವು ತಾನಾಗಿ ಬಂದು ತಾನಾಗಿಯೇ ಹೋಗುತ್ತದೆ. ಕಲ್ಲು ಕೋಶದ ಬಾಯಿಗೆ ಅಡ್ಡ ಬಂದಾಗ ನೋವು, ಜಾರಿ ವಾಪಸ್ ಒಳಗೆ ಬಿದ್ದಾಗ ಆರಾಮ. ಆ ಹೊತ್ತಿಗೆ ಏನು ಕುಡಿದಿರುತ್ತೀರೋ ಹೆಸರು ಅದಕ್ಕೆ ಬರುತ್ತದೆ. ಕಷಾಯ ಕುಡಿದ ದಿನ ಕಷಾಯಕ್ಕೆ, ಸೋಡಾ ಕುಡಿದ ದಿನ ಸೋಡಾಕ್ಕೆ. ನೋವು ಹೋಯಿತಲ್ಲ ಎಂದು ನಾನು ಸುಮ್ಮನಾಗುತ್ತಿದ್ದೆ. ಖಾರ ಬಿಟ್ಟೆ, ಕಾಫಿ ಬಿಟ್ಟೆ. ಯಾವ ಊಟದ ಮೇಲೆ ಬರುತ್ತದೆ ಎಂದು ಮಾತ್ರ ಗಮನಿಸಲಿಲ್ಲ. ಅನ್ನ ಸಾರು ಉಂಡ ದಿನ ಬರುತ್ತಲೇ ಇರಲಿಲ್ಲ. ಪೂರಿ, ಬೋಂಡಾ, ಮದುವೆ ಊಟ ಆದ ದಿನವೇ ಬರುತ್ತಿತ್ತು. ಅದೊಂದನ್ನು ಡಾಕ್ಟರಿಗೆ ಹೇಳಿದ್ದರೆ ಅವತ್ತೇ ಸ್ಕ್ಯಾನ್ ಬರೆಯುತ್ತಿದ್ದರು.

ತುಪ್ಪ ಕರಗಲು ಬಿಸಿನೀರು ಬೇಕಿಲ್ಲ. ಮೈಯೊಳಗೆ ಹೇಗೂ 37 ಡಿಗ್ರಿ ಇರುತ್ತದೆ, ಅಲ್ಲಿ ತುಪ್ಪ ಬಹುಪಾಲು ಕರಗಿಯೇ ಇರುತ್ತದೆ. ಆದರೆ ಕರಗಿದರೂ ನೀರಿನ ಜೊತೆ ಬೆರೆಯುವುದಿಲ್ಲ. ಪಾತ್ರೆಯ ಜಿಡ್ಡಿಗೆ ಸೋಪು ಬೇಕಲ್ವಾ, ಹಾಗೆ ಇಲ್ಲಿ ಪಿತ್ತರಸ ಬೇಕು. ಅದನ್ನು ಲಿವರ್ ತಯಾರಿಸುತ್ತದೆ, ಪಿತ್ತಕೋಶ ಗಟ್ಟಿ ಮಾಡಿ ಕೂಡಿಡುತ್ತದೆ. ಜಿಡ್ಡು ಸಣ್ಣ ಕರುಳಿಗೆ ಇಳಿದ ಕೂಡಲೇ ಕರುಳಿನ ಗೋಡೆ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ತಲುಪಿದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಒಳಗೆ ಕಲ್ಲಿದ್ದರೆ ಆಗಲೇ ಸಿಕ್ಕಿಹಾಕಿಕೊಳ್ಳುವುದು. ನಿಮ್ಮ ಆ ಒಂದು ಗಂಟೆಯ ಬಗ್ಗೆ ನನಗೆ ಅನುಮಾನ ಬಂದಿರುವುದು ಇದಕ್ಕೇ.

ಮುಂದೆ, ಪಿತ್ತರಸ ಸಣ್ಣ ಹನಿಗಳಾಗಿಸಿದ ಜಿಡ್ಡನ್ನು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಲೈಪೇಸ್ ಎಂಬ ಕಿಣ್ವ ಒಡೆಯುತ್ತದೆ. ಕರುಳು ಅದನ್ನು ಹೀರಿ, ಮತ್ತೆ ಜೋಡಿಸಿ, ಕೈಲೋಮೈಕ್ರಾನ್ ಎಂಬ ಕಣಗಳ ರೂಪದಲ್ಲಿ ದುಗ್ಧರಸ (ಲಿಂಫ್) ನಾಳಕ್ಕೆ ಬಿಡುತ್ತದೆ. ಅವು ಎಡಗಡೆ ಕತ್ತಿನ ಬುಡದಲ್ಲಿ ರಕ್ತ ಸೇರುತ್ತವೆ. ಊಟ ಆಗಿ 3-4 ಗಂಟೆಗೆ ರಕ್ತದಲ್ಲಿ ಈ ಕೊಬ್ಬು ತುಂಬಾ ಜಾಸ್ತಿ ಇರುತ್ತದೆ. ಒಂದು ಲೋಟ ಬಿಸಿನೀರು ಇದರಲ್ಲಿ ಏನನ್ನೂ ಬದಲಾಯಿಸುವುದಿಲ್ಲ.

ನನ್ನ ಕಲ್ಲು ಕೊನೆಗೆ ಪಿತ್ತನಾಳಕ್ಕೆ ಇಳಿಯಿತು. ಚಳಿಜ್ವರ ಬಂತು, ಕಣ್ಣು ಹಳದಿಯಾಯಿತು. ಬಾಯಿಯಿಂದ ಟ್ಯೂಬ್ ಇಳಿಸಿ ನಾಳದ ಕಲ್ಲು ತೆಗೆದರು, ಆಮೇಲೆ ಪಿತ್ತಕೋಶವನ್ನೇ ತೆಗೆದರು. ಬೇಗ ಹೋಗಿದ್ದರೆ ಆ ಮೊದಲನೆಯದು ಬೇಕಾಗುತ್ತಿರಲಿಲ್ಲ. ಈಗ ಪಿತ್ತರಸ ಕೂಡಿಡುವ ಜಾಗವಿಲ್ಲ, ಲಿವರಿನಿಂದ ನೇರ ಕರುಳಿಗೆ ತೊಟ್ಟಿಕ್ಕುತ್ತಿರುತ್ತದೆ. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಆರಾಮಾಗಿ ಅರಗುತ್ತದೆ. ಕರಿದದ್ದು ಜಾಸ್ತಿಯಾದರೆ ಭೇದಿ ಆಗುತ್ತದೆ.

ಜಿಡ್ಡನ್ನೇ ಪೂರ್ತಿ ಬಿಡುತ್ತೇನೆ ಎಂದೂ ಬರೆದಿದ್ದೀರಿ. ದಯವಿಟ್ಟು ಬೇಡ. ಪಿತ್ತಕೋಶ ಹಿಂಡಿಕೊಳ್ಳದೆ ಪಿತ್ತರಸ ನಿಂತಲ್ಲೇ ನಿಂತರೆ ಕಲ್ಲಾಗುವುದು ಸುಲಭ. ಕಠಿಣ ಡಯಟ್ ಮಾಡಿ ಬೇಗ ಬೇಗ ತೂಕ ಇಳಿಸಿದವರಿಗೆ ಕಲ್ಲಾಗುವುದಕ್ಕೆ ಇದೂ ಒಂದು ಕಾರಣ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಬೇಕಾದರೂ ಸ್ವಲ್ಪ ಜಿಡ್ಡು ಬೇಕು. ಸದ್ಯಕ್ಕೆ ಕರಿದದ್ದು ಕಡಿಮೆ ಮಾಡಿ, ಸಾಕು.

ನಿಮಗೆ ಕಲ್ಲೇ ಇದೆ ಎಂದು ನಾನು ಹೇಳಲಾರೆ, ಅದನ್ನು ಹೇಳಬೇಕಾದ್ದು ಡಾಕ್ಟರು. ಈ ವಾರವೇ ತೋರಿಸಿ, ಹೊಟ್ಟೆಯ ಅಲ್ಟ್ರಾಸೌಂಡ್ ಕೇಳಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ಬಿಡದೇ ಇದ್ದರೆ ವಾರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಸ್ಕ್ಯಾನಿಗೆ ಹೋಗುವ ಮುಂಚೆ 6ರಿಂದ 8 ಗಂಟೆ ಏನೂ ತಿನ್ನಬೇಡಿ, ಹಾಲು ಹಾಕಿದ ಕಾಫಿಯೂ ಬೇಡ. ತಿಂದು ಹೋದರೆ ಪಿತ್ತಕೋಶ ಹಿಂಡಿಕೊಂಡು ಚಿಕ್ಕದಾಗಿರುತ್ತದೆ, ಕಲ್ಲಿದ್ದರೂ ಸರಿಯಾಗಿ ಕಾಣುವುದಿಲ್ಲ.