ಆರ್‌ವಿ-7ರಲ್ಲಿ ಟ್ರಾನ್ಸ್‌ಪಾಂಡರ್ ಆಂಟೆನಾ ಎಲ್ಲಿ?

ನೀವು ಕಟ್ಟುತ್ತಿರುವ ಆರ್‌ವಿ-7 ಕಿಟ್ ವಿಮಾನದಲ್ಲಿ ಟ್ರಾನ್ಸ್‌ಪಾಂಡರಿನ (ನೆಲದ ರಾಡಾರಿಗೆ ಉತ್ತರ ಕೊಡುವ ರೇಡಿಯೋ ಉಪಕರಣ) ಆಂಟೆನಾವನ್ನು ಫೈರ್‌ವಾಲ್, ಅಂದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ ಹಿಂದೆಯೇ ಕೂರಿಸಿದರೆ ಕೇಬಲ್ ಗಿಡ್ಡ ಆಗುತ್ತೆ, ಅಲ್ಲೇ ಇಡಲಾ ಅಂತ ಕೇಳಿದ್ದೀರಿ. ಬೇಡ. ಸೀಟಿನ ಹಿಂದೆ, ಬ್ಯಾಗೇಜ್ ಜಾಗದ ಅಡಿಯಲ್ಲಿ, ವಿಮಾನದ ಹೊಟ್ಟೆಗೆ ಹಾಕಿ.

ಮುಂದೆ ಇಟ್ಟರೆ ಎಕ್ಸಾಸ್ಟ್ ಮಸಿ, ಎಣ್ಣೆ ಎಲ್ಲಾ ಅದರ ಮೇಲೇ ಬೀಳುತ್ತೆ. ಚಕ್ರದ ಕಾಲುಗಳೂ ಹತ್ತಿರದಲ್ಲೇ ಇರುತ್ತವೆ, ಅವು ಸಿಗ್ನಲ್‌ಗೆ ಅಡ್ಡ ಬರುತ್ತವೆ. ಟ್ರಾನ್ಸ್‌ಪಾಂಡರ್ ನೆಲದ ರಾಡಾರಿನ ಪ್ರಶ್ನೆಯನ್ನು 1030 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡು 1090ರಲ್ಲಿ ಉತ್ತರಿಸುತ್ತೆ. ಈ ಆವರ್ತನದಲ್ಲಿ ಆಂಟೆನಾ ಸುಮಾರು 7 ಸೆಂ.ಮೀ. ಕಡ್ಡಿ ಅಷ್ಟೇ. ಇಷ್ಟು ಚಿಕ್ಕದಕ್ಕೆ ಕೈಯಗಲದ ಲೋಹವೂ ದೊಡ್ಡ ಗೋಡೆ.

ನಿಮ್ಮದು ಅಲ್ಯೂಮಿನಿಯಂ ಮೈ, ಹಾಗಾಗಿ ಗ್ರೌಂಡ್ ಪ್ಲೇನ್ (ಆಂಟೆನಾ ಸರಿಯಾಗಿ ಕೆಲಸ ಮಾಡಲು ಅದರ ಬುಡದ ಸುತ್ತ ಬೇಕಾದ ಲೋಹದ ಹಾಳೆ) ಪುಕ್ಕಟೆ ಸಿಕ್ಕಿದೆ. ಫೈಬರ್‌ಗ್ಲಾಸ್ ವಿಮಾನ ಕಟ್ಟುವವರು ಒಳಗಡೆ ತಗಡಿನ ತಟ್ಟೆ ಇಡಬೇಕಾಗುತ್ತೆ. ಆದರೆ ಆಂಟೆನಾ ಬುಡದ ಜಾಗದಲ್ಲಿ ಪ್ರೈಮರ್, ಬಣ್ಣ ಕೆರೆದು ಬರಿಯ ಲೋಹ ತಾಗುವಂತೆ ಮಾಡಿ. ತುಂಬಾ ಜನ ಇದನ್ನೇ ಮರೆಯುತ್ತಾರೆ, ಆಮೇಲೆ ಟ್ರಾನ್ಸ್‌ಪಾಂಡರನ್ನು ದೂರುತ್ತಾರೆ. ಒಳಗಿನಿಂದ ಬಲಕ್ಕೆ ಒಂದು ಡಬ್ಲರ್ (ಹೆಚ್ಚುವರಿ ತಗಡು) ರಿವೆಟ್ ಮಾಡಿ, ತೆಳು ತಗಡು ನಡುಗಿ ಬಿರುಕು ಬಿಡಬಾರದು.

ಕೇಬಲ್ ಒಂದು ಮೀಟರ್ ಜಾಸ್ತಿ ಆದರೂ ಚಿಂತೆ ಇಲ್ಲ, ಆರ್‌ಜಿ-400 ಹಾಕಿ. ಆರ್‌ಜಿ-58 ಬೇಡ, ಈ ಆವರ್ತನದಲ್ಲಿ ಅದು ಶಕ್ತಿಯನ್ನು ಹೆಚ್ಚು ನುಂಗುತ್ತೆ. ಟ್ರಾನ್ಸ್‌ಪಾಂಡರ್ ಆಂಟೆನಾವನ್ನು ಕಾಮ್ (ಮಾತಾಡುವ ರೇಡಿಯೋ) ಆಂಟೆನಾದಿಂದ ಆದಷ್ಟು ದೂರ ಇಡಿ. ಡಿಎಂಇ (ನೆಲದ ಕೇಂದ್ರದಿಂದ ದೂರ ಅಳೆಯುವ ಉಪಕರಣ) ಇದ್ದರೆ ಅದರ ಆಂಟೆನಾದಿಂದ ಒಂದು ಮೀಟರಾದರೂ ದೂರ ಇರಲಿ, ಎರಡೂ ಹತ್ತಿರ ಹತ್ತಿರದ ಆವರ್ತನದಲ್ಲೇ ಮಾತಾಡುತ್ತವೆ.

ತೂತು ಕೊರೆಯುವ ಮೊದಲು ನಿಮ್ಮ ಟ್ರಾನ್ಸ್‌ಪಾಂಡರಿನ ಕೈಪಿಡಿ ನೋಡಿ, ಎಷ್ಟು ಉದ್ದದ ಕೇಬಲ್ ಆಗುತ್ತೆ ಅಂತ ಅದರಲ್ಲೇ ಬರೆದಿರುತ್ತಾರೆ.